ಬಣ್ಣ ನೋಡದೆ ಕೊಯ್ಯುವ ಕೈ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬಸ್ ಡಿಪೋದ ಸಿಬ್ಬಂದಿ ವಸತಿಗೃಹಗಳ ಹಿಂದಿನ ಓಣಿಯಲ್ಲಿ ಎತ್ತರದ ವ್ಯಕ್ತಿಯೊಬ್ಬರು ಮೂರನೇ ಮನೆಯ ಹಿತ್ತಲ ಗೇಟನ್ನು ಸದ್ದಾಗದಂತೆ ಕೊಂಚ ಮೇಲೆತ್ತಿ ತೆರೆದು ಒಳಗೆ ಕಾಲಿಡುತ್ತಾರೆ. ಹೆಗಲಿಗೆ ಬಟ್ಟೆಯ ಚೀಲ, ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಕತ್ತರಿ. ಕೈಯಲ್ಲಿ ಟಾರ್ಚ್ ಇಲ್ಲ. ಬೆಂಡೆ ಗಿಡದ ಮುಂದೆ ಬಾಗಿ ಕಾಯಿಯೊಂದರ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ತುದಿ ಟಕ್ಕೆಂದು ಮುರಿಯುತ್ತದೆ. ಕತ್ತರಿಸಿ, ಮನೆಯವರು ಇಟ್ಟುಹೋದ ಬುಟ್ಟಿಗೆ ಹಾಕುತ್ತಾರೆ. ಅದರ ಪಕ್ಕದ್ದು ಬಾಗುತ್ತದೆ, ಮುರಿಯುವುದಿಲ್ಲ. ಒಳಗೆ ನಾರು ಕಟ್ಟಿದೆ.

"ನಿನ್ನೆ ಎಲೆ ಹಿಂದೆ ಅಡಗಿ ಕೂತಿದ್ದೆ, ಅಲ್ವೇನೋ ಕಳ್ಳ?" ಎಂದು ಆ ಕಾಯಿಯನ್ನೇ ಗದರಿಸಿ ಕಿತ್ತು ಬೇರೆ ಇಡುತ್ತಾರೆ. ಬಲಿತ ಕಾಯಿಯನ್ನು ಗಿಡದಲ್ಲೇ ಬಿಟ್ಟರೆ ಗಿಡಕ್ಕೆ ತನ್ನ ಕೆಲಸ ಮುಗಿಯಿತು ಅನ್ನಿಸಿ ಹೊಸ ಹೂವು ಕಡಿಮೆಯಾಗುತ್ತದೆ. ಅದಕ್ಕೇ ತಿನ್ನಲಾಗದಿದ್ದರೂ ಅದನ್ನು ಕೀಳಲೇಬೇಕು.

ಸೌತೆಯ ಬಳ್ಳಿಗೆ ಬಂದಾಗ ಅವರು ಕಾಯಿಯನ್ನು ಅಂಗೈಯಲ್ಲಿ ಒಂದು ಸುತ್ತು ಉರುಳಿಸುತ್ತಾರೆ. ಎಳೆಯದರ ಮೈ ಮೇಲಿನ ಗುಳ್ಳೆಗಳು ಚುಚ್ಚುತ್ತವೆ, ಹದಕ್ಕೆ ಬಂದಾಗ ನಯವಾಗುತ್ತವೆ. ಬದನೆಯನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದ ಗುಳಿ ತಾನಾಗಿ ಮೇಲೆದ್ದರೆ ಕೊಯ್ಯಬಹುದು, ಒತ್ತಿದಂತೆ ಉಳಿದರೆ ತಡವಾಯಿತು. ಮುಸುಕಿನ ಜೋಳದ ತೆನೆಯ ಸಿಪ್ಪೆಯನ್ನು ಬೆರಳಗಲ ಸರಿಸಿ ಒಂದು ಕಾಳಿಗೆ ಉಗುರು ಚುಚ್ಚುತ್ತಾರೆ. ಹೊರಬಂದದ್ದು ತಿಳಿ ನೀರೋ ಹಾಲೋ ಎಂದು ನಾಲಿಗೆ ಹೇಳುತ್ತದೆ. ಇಷ್ಟೂ ಕೆಲಸಕ್ಕೆ ನಾಲ್ಕು ನಿಮಿಷ. ಗೇಟು ಮತ್ತೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ.

ಈ ಹೊತ್ತಿನ ಮಸುಕು ಬೆಳಕಿನಲ್ಲಿ ಯಾರ ಕಣ್ಣಿಗೂ ಬಣ್ಣ ಸರಿಯಾಗಿ ಕಾಣುವುದಿಲ್ಲ. ಬಣ್ಣ ಗುರುತಿಸುವ ಜೀವಕೋಶಗಳು ನಮ್ಮ ಕಣ್ಣಿನಲ್ಲಿ ಬೇರೆಯೇ ಇವೆ. ಸಾಕಷ್ಟು ಬೆಳಕಿಲ್ಲದೆ ಅವು ಕೆಲಸಕ್ಕೆ ಹಾಜರಾಗುವುದಿಲ್ಲ. ಹಾಗಾಗಿ ಐದು ಗಂಟೆಯ ಟೊಮೆಟೊ ಎಲ್ಲರಿಗೂ ಬೂದು. ಆರೂವರೆಗೆ ಅದು ನಿಮಗೂ ನನಗೂ ಕೆಂಪಾಗುತ್ತದೆ. ಅವರಿಗೆ ಆಗುವುದಿಲ್ಲ. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ಈ ವ್ಯಕ್ತಿಗೆ ಹುಟ್ಟಿನಿಂದಲೇ ಗೊತ್ತಿಲ್ಲ.

ನಲವತ್ನಾಲ್ಕು ಮನೆಗಳ ಹಿತ್ತಲಿನಲ್ಲಿ ಯಾವ ಕಾಯಿಯನ್ನು ಯಾವತ್ತು ಕೊಯ್ಯಬೇಕು ಎಂದು ಒಂಬತ್ತು ವರ್ಷಗಳಿಂದ ಹೇಳುತ್ತಿರುವವರು ಇವರೇ. ಇನ್ನು ಮುಂದೆಯೂ ಹೇಳಬೇಕೋ ಬೇಡವೋ ಎಂಬುದು ಇವತ್ತು ಸಂಜೆ ತೀರ್ಮಾನವಾಗುತ್ತದೆ.

ವಸತಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ನಾಳೆಮಾಮ ಎಂದು. ಹಿರಿಯ ಮೆಕ್ಯಾನಿಕ್‌ಗಳೂ ಹಾಗೇ ಕರೆಯುತ್ತಾರೆ, ಹಲ್ಲು ಬೀಳುತ್ತಿರುವ ಮಕ್ಕಳೂ ಹಾಗೇ. ಯಾರಾದರೂ ಕಾಯಿಗೆ ಕೈ ಹಾಕಿದ ತಕ್ಷಣ "ಇವತ್ತು ಬೇಡ, ನಾಳೆ" ಎನ್ನುವುದು ಅವರ ಅಭ್ಯಾಸ. "ಮದುವೆ ಆದಾಗಿನಿಂದ ನಾನೂ ಅದನ್ನೇ ಕೇಳ್ತಾ ಬಂದಿದೀನಿ" ಎನ್ನುತ್ತಾರೆ ಅವರ ಹೆಂಡತಿ. "ಸೋರೋ ನಲ್ಲಿಗೂ ನಾಳೆ, ಮುರಿದ ಕುರ್ಚಿಗೂ ನಾಳೆ. ತರಕಾರಿಗಾದ್ರೆ ಆ ನಾಳೆ ನಿಜವಾಗ್ಲೂ ಬರುತ್ತೆ, ಅಷ್ಟೇ ವ್ಯತ್ಯಾಸ."

ಹೆಂಡತಿ ಬಟ್ಟೆ ಹೊಲಿಯುವವರು. ಎರಡು ಕೋಣೆಯ ಮನೆಯ ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರವಿದೆ. ಕಿಟಕಿಯ ಪಕ್ಕದ ಮೊಳೆಗಳಲ್ಲಿ ದಾರದ ಉಂಡೆಗಳು ಸಾಲಾಗಿ ನಿಂತಿವೆ. ಗಂಡನ ಅಂಗಿಗಳ ಕಾಲರಿನ ಒಳಗೆ ಅವರು ಸಣ್ಣ ಹೊಲಿಗೆ ಹಾಕಿಟ್ಟಿರುತ್ತಾರೆ. ಒಂದು ಹೊಲಿಗೆ ಇದ್ದರೆ ಕಂದು ಪ್ಯಾಂಟಿಗೆ, ಎರಡಿದ್ದರೆ ನೀಲಿಗೆ. ಈ ಲೆಕ್ಕ ಮೂವತ್ತೆರಡು ವರ್ಷದಿಂದ ಗಂಡ ಹೆಂಡಿರ ನಡುವೆಯೇ ಉಳಿದಿತ್ತು.

ನಾಳೆಮಾಮನಿಗೆ ತಮ್ಮ ಕಣ್ಣಿನ ಸಂಗತಿ ಮೊದಲು ಗೊತ್ತಾದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ಟೊಮೆಟೊ ತೋಟದಲ್ಲಿ. ಕೊಯ್ಲಿನ ಕೂಲಿಗೆ ಸೇರಿದ ಮೊದಲ ದಿನವೇ ಮೂರು ಕ್ರೇಟ್ ತುಂಬಿಸಿದರಂತೆ. ಎಲ್ಲರಿಗಿಂತ ಚುರುಕಾಗಿ ಮುಗಿಸಿದೆ ಎಂದು ಬೀಗುತ್ತ ತಂದಿಟ್ಟರೆ, ಅರ್ಧಕ್ಕರ್ಧ ಹಸಿರು ಕಾಯಿ.

"ಮಾಲೀಕ ಕ್ರೇಟ್ ನೋಡ್ದ, ನನ್ನ ನೋಡ್ದ. 'ಏನಯ್ಯ, ತಮಾಷೆ ಮಾಡ್ತಿದ್ದೀಯಾ?' ಅಂದ. ನಾನು ನಿಜವಾಗ್ಲೂ ಆರಿಸಿ ಆರಿಸಿ ತಂದಿದ್ದೆ! ದೊಡ್ಡದಾಗಿತ್ತು, ಹೊಳೀತಿತ್ತು, ಇನ್ನೇನು ಬೇಕು ಅನ್ಕೊಂಡಿದ್ದೆ. ಅವತ್ತೇ ಮನೆಗೆ ಕಳಿಸಿಬಿಡ್ತಿದ್ದ. ಅಲ್ಲಿ ಒಬ್ಬ ಅಜ್ಜಿ ಇದ್ಲು, ಕೊಯ್ಲಿನವರಿಗೆಲ್ಲ ಹಿರಿಯಳು. 'ಈ ಹುಡುಗ ನನ್ನ ಸಾಲಲ್ಲಿರಲಿ' ಅಂದ್ಲು."

ಅಜ್ಜಿ ಬೈಯಲೂ ಇಲ್ಲ, ಕಾರಣವನ್ನೂ ಕೇಳಲಿಲ್ಲ. ಹಣ್ಣಿನ ತೊಟ್ಟಿನಲ್ಲಿ ಬೆರಳಿನ ಗೆಣ್ಣಿನಂಥ ಒಂದು ಸಣ್ಣ ಗಂಟು ಇರುತ್ತದೆ. ಅದನ್ನು ತೋರಿಸಿ, ಹೆಬ್ಬೆರಳು ಅಲ್ಲಿಟ್ಟು ಹಣ್ಣನ್ನು ಮೇಲಕ್ಕೆ ಎತ್ತು ಎಂದಳು. ಹಣ್ಣು ಹದವಾಗಿದ್ದರೆ ಅಲ್ಲೇ ಕಳಚಿಕೊಳ್ಳುತ್ತದೆ, ಆಗಿಲ್ಲದಿದ್ದರೆ ಗಿಡವನ್ನೇ ಎಳೆಯುತ್ತದೆ. ಆಮೇಲೆ ಹಣ್ಣಿನ ಬುಡ ಮುಟ್ಟಲು ಕಲಿಸಿದಳು. ಟೊಮೆಟೊ ಬುಡದಿಂದ ಮಾಗುತ್ತ ತೊಟ್ಟಿನ ಕಡೆಗೆ ಬರುತ್ತದೆ, ಹಾಗಾಗಿ ಮೆತ್ತಗಾಗುವುದೂ ಅಲ್ಲಿಂದಲೇ. ಹದಿನೈದು ದಿನದಲ್ಲಿ ಅವರ ಕ್ರೇಟಿನಲ್ಲಿ ಕಾಯಿ ಬರುವುದು ನಿಂತಿತು. ಆ ಸುಗ್ಗಿ ಮುಗಿಯುವಷ್ಟರಲ್ಲಿ, ಕಣ್ಣು ಮುಚ್ಚಿಕೊಂಡು ಯಾರು ಬೇಗ ಬುಟ್ಟಿ ತುಂಬಿಸುತ್ತಾರೆ ಎಂಬ ಪಂದ್ಯದಲ್ಲಿ ಅವರು ಅಜ್ಜಿಯನ್ನೂ ಸೋಲಿಸಿದ್ದರು.

"ಅಜ್ಜಿಗೆ ಗೊತ್ತಾಗಿತ್ತು. ಆದ್ರೂ ಕೊನೇವರೆಗೂ ಬಾಯಿ ಬಿಡ್ಲಿಲ್ಲ. ಅದನ್ನ ನೋಡಿ ನಾನೂ ಬಾಯಿ ಬಿಡಬಾರದು ಅಂತ ಕಲ್ತುಬಿಟ್ಟೆ. ಅದೊಂದು ತಪ್ಪು ಪಾಠ."

ಮೂರು ವರ್ಷದ ನಂತರ ಬಸ್ ಡ್ರೈವರ್ ಆಗಲು ಡಿಪೋಗೆ ಬಂದರು. ಬಸ್ ಓಡಿಸಿ ತೋರಿಸುವ ಪರೀಕ್ಷೆಯಲ್ಲಿ ಪಾಸು. ಕಣ್ಣಿನ ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದು, ಚುಕ್ಕಿಗಳ ನಡುವಿನ ಸಂಖ್ಯೆ ಓದಲು ಹೇಳಿದಾಗ ಇವರಿಗೆ ಒಂದು ಪುಟದಲ್ಲೂ ಸಂಖ್ಯೆ ಕಾಣಲಿಲ್ಲ. ಸಂಕೇತ ದೀಪದ ಕೆಂಪು ಹಸಿರು ಗೊತ್ತಾಗದವರಿಗೆ ಬಸ್ ಕೊಡುವುದಾದರೂ ಹೇಗೆ? ಬಸ್ ತೊಳೆಯುವ ಕೆಲಸ ಸಿಕ್ಕಿತು. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದರು. ಡ್ರೈವರ್ ಕೆಲಸ ಯಾಕೆ ಸಿಗಲಿಲ್ಲ ಎಂದು ಕೇಳಿದವರಿಗೆಲ್ಲ "ಎದೆಯ ಸುತ್ತಳತೆ ಸಾಲಲಿಲ್ಲ" ಎಂದರು.

"ಎಲ್ಲರೂ ನಂಬಿದ್ರು" ಎಂದು ಹೆಂಡತಿ ಯಂತ್ರ ನಿಲ್ಲಿಸಿ ನಗುತ್ತಾರೆ. "ಮದುವೆಗೆ ಮುಂಚೆ ನನಗೂ ಅದೇ ಕಥೆ ಹೇಳಿದ್ರು. ಮದುವೆ ಅಂಗಿಗೆ ಅಳತೆ ತಗೊಂಡವಳು ನಾನು! ಟೇಪು ಸುತ್ತಿದ್ರೆ ಎದೆ ಎರಡು ಬಸ್ ಓಡಿಸೋಷ್ಟಿತ್ತು. ಏನೋ ಮುಚ್ಚಿಡ್ತಿದ್ದಾರೆ ಅಂತ ಆಗ್ಲೇ ಗೊತ್ತಾಯ್ತು. ಒಂದು ವಾರ ಬಿಟ್ಟು, ಹಸಿರು ದಾರದ ಉಂಡೆ ಕೊಡಿ ಅಂದ್ರೆ ಕೆಂಪು ಕೊಟ್ರು. ಸಿಕ್ಕಿಬಿದ್ರು."

ಸುಮಾರು ಇಪ್ಪತ್ತು ಗಂಡಸರಲ್ಲಿ ಒಬ್ಬರಿಗಾದರೂ ಈ ಬಗೆಯ ಕಣ್ಣಿರುತ್ತದೆ. ತಾಯಿಯ ಕಡೆಯಿಂದ ಬರುವಂಥದ್ದು. ತಾಯಂದಿರಿಗೆ ಸಾಮಾನ್ಯವಾಗಿ ಅದರ ಅರಿವೂ ಇರುವುದಿಲ್ಲ. ನಾಳೆಮಾಮನ ಸೋದರಮಾವ ಕೂಡ ಜೀವನವಿಡೀ ತಮ್ಮ ಕೆಂಪು ಕೊಡೆಯನ್ನು ಹಸಿರು ಎಂದು ವಾದಿಸಿಯೇ ಹೋದರಂತೆ. "ಮನೆಯವರೆಲ್ಲ ಅವರನ್ನ ಮೊಂಡ ಅಂತಿದ್ರು. ಪಾಪ, ಮೊಂಡಲ್ಲ" ಎನ್ನುತ್ತಾರೆ ನಾಳೆಮಾಮ.

ಡಿಪೋಗೆ ಬಸ್ ತೊಳೆಯುವ ಯಂತ್ರ ಬಂದಾಗ ಕೈಯಲ್ಲಿ ತೊಳೆಯುವವರ ಅಗತ್ಯ ಕಡಿಮೆಯಾಯಿತು. ಅದೇ ಹೊತ್ತಿಗೆ ವಸತಿಯ ನಿವಾಸಿಗಳ ಸಂಘಕ್ಕೆ ಒಂದು ತಲೆನೋವು ಶುರುವಾಗಿತ್ತು. ಪ್ರತಿ ಮನೆಗೂ ಉದ್ದನೆಯ ಹಿತ್ತಲಿದೆ, ಎಲ್ಲರೂ ಉತ್ಸಾಹದಿಂದ ಬೀಜ ಹಾಕುತ್ತಾರೆ. ಆದರೆ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳ ಪಾಳಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಮೂರು ದಿನದ ದೂರದ ಓಡಾಟ ಮುಗಿಸಿ ಬರುವಷ್ಟರಲ್ಲಿ ಬೆಂಡೆ ಕಟ್ಟಿಗೆಯಾಗಿರುತ್ತದೆ, ಹುರುಳಿಕಾಯಿ ಉಬ್ಬಿರುತ್ತದೆ, ಸೌತೆ ಹಳದಿ ತಿರುಗಿರುತ್ತದೆ. ಇದ್ದ ದಿನ ಆತುರಕ್ಕೆ ಎಳೆಯದನ್ನೇ ಕೀಳುತ್ತಾರೆ. ಬೆಳೆಸುವುದು ಎಲ್ಲರಿಗೂ ಬರುತ್ತಿತ್ತು, ಯಾವಾಗ ನಿಲ್ಲಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಸಂಘ ನಾಳೆಮಾಮನನ್ನು ಕೆಲಸಕ್ಕಿಟ್ಟುಕೊಂಡಿತು.

ಅಂದಿನಿಂದ ದಿನಚರಿ ಒಂದೇ. ನಾಲ್ಕೂ ಮುಕ್ಕಾಲಿಗೆ ಓಣಿಯ ಪೂರ್ವದ ತುದಿಯಿಂದ ಆರಂಭ. ಒಂದು ಬದಿಯಲ್ಲಿ ಇಪ್ಪತ್ತೆರಡು ಹಿತ್ತಲು, ಮರಳುವಾಗ ಇನ್ನೊಂದು ಬದಿಯಲ್ಲಿ ಇಪ್ಪತ್ತೆರಡು. ಬೆಳಗಿನ ಪಾಳಿಯವರ ಮನೆಯಲ್ಲಿ ತಾವೇ ಕೊಯ್ದು ಬುಟ್ಟಿಯನ್ನು ಹಿಂಬಾಗಿಲಲ್ಲಿ ಇಡುತ್ತಾರೆ. ಉಳಿದವರಿಗೆ ಯಾವುದನ್ನು ಕೊಯ್ಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿ ಹೋಗುತ್ತಾರೆ. ಏಳೂ ಮುಕ್ಕಾಲಿನ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಬಿಸಿಲೇರಿದ ಮೇಲೆ ಕಾಯಿಯೊಳಗಿನ ನೀರು ಇಳಿಯುತ್ತದೆ, ಸೊಪ್ಪು ಜೋಲುತ್ತದೆ. ರಾತ್ರಿಯ ತಂಪು ಕುಡಿದು ಬಿಗಿಯಾಗಿರುವ ತರಕಾರಿ ಆ ಮೂರು ಗಂಟೆಯೊಳಗೆ ಮಾತ್ರ ಸಿಗುತ್ತದೆ.

ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೂ ಒಂದು ಪುಟ. ಹೂವು ಬಿಟ್ಟ ದಿನಾಂಕವನ್ನು ಬರೆದಿಡುತ್ತಾರೆ. ಬೆಂಡೆಯಾದರೆ ಹೂವಿನಿಂದ ಐದಾರು ದಿನ, ಸೌತೆಯಾದರೆ ಎಂಟು ಹತ್ತು, ಸಿಹಿಕುಂಬಳವಾದರೆ ಒಂದೂವರೆ ತಿಂಗಳು. "ಪುಸ್ತಕದ್ದು ಅರ್ಧ ಸತ್ಯ" ಎನ್ನುತ್ತಾರೆ. "ಮೋಡ ಮುಚ್ಕೊಂಡ್ರೆ ಕಾಯಿ ಸೋಮಾರಿ ಆಗುತ್ತೆ, ಸೆಖೆ ಬಿದ್ರೆ ಓಡುತ್ತೆ. ತಾರೀಖು ಬಾಗಿಲು ತಟ್ಟುತ್ತೆ ಅಷ್ಟೇ. ಒಳಗೆ ಹೋಗಿ ಮುಟ್ಟಿ ನೋಡ್ಬೇಕಾದವನು ನಾನು."

ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ಈ ವರ್ಷ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ಗಣಿತ ಕಲಿಸಿ ನಿವೃತ್ತರಾದವರು, ಒಬ್ಬ ಮೆಕ್ಯಾನಿಕ್‌ನ ಹೆಂಡತಿ. ಎಲ್ಲರಿಗೂ ಅವರು ಟೀಚರ್. ನಾಳೆಮಾಮ ಬಾಯಿಮಾತಿನಲ್ಲಿ ಹೇಳಿದ್ದು ಮನೆಯವರಿಗೆ ನೆನಪಿರುವುದಿಲ್ಲ ಎಂಬುದನ್ನು ಗಮನಿಸಿ ಟೀಚರ್ ಒಂದು ಸುಲಭ ಉಪಾಯ ತಂದರು. ಕೊಯ್ಯಬಹುದಾದ ಗಿಡಕ್ಕೆ ಹಸಿರು ಪಟ್ಟಿ, ಇನ್ನೂ ಕಾಯಬೇಕಾದ ಗಿಡಕ್ಕೆ ಕೆಂಪು ಪಟ್ಟಿ. ಬಸ್ಸಿನವರ ವಸತಿ ಅದು. ಕೆಂಪಿಗೆ ನಿಲ್ಲು, ಹಸಿರಿಗೆ ಹೊರಡು ಎಂಬುದನ್ನು ಅಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಳೆಮಾಮನೂ ತಟ್ಟಿದರು.

"ಚಪ್ಪಾಳೆ ತಟ್ತಾ ಇದ್ದಾಗ್ಲೇ ಇದು ನನ್ನಿಂದ ಆಗಲ್ಲ ಅಂತ ಗೊತ್ತಿತ್ತು" ಎಂದು ನೆನೆಯುತ್ತಾರೆ ಅವರು. "ಆಗ್ಲೇ ಎದ್ದು ಹೇಳ್ಬೇಕಿತ್ತು."

ಹೇಳಲಿಲ್ಲ. ಹೆಂಡತಿ ದಾರಿ ಹುಡುಕಿದರು. ಅಂಗಿಯ ಬಲ ಜೇಬಿಗೆ ಹಸಿರು, ಎಡ ಜೇಬಿಗೆ ಕೆಂಪು. ಪ್ರತಿ ಬೆಳಿಗ್ಗೆ ತಾವೇ ಆರಿಸಿ ತುಂಬಿ ಕಳಿಸುತ್ತಿದ್ದರು. ಹನ್ನೆರಡು ದಿನ ಒಂದೂ ತಪ್ಪಾಗಲಿಲ್ಲ. ಹದಿಮೂರನೇ ದಿನ, ಎಂಟನೇ ಮನೆಯ ಹುರುಳಿಕಾಯಿ ಚಪ್ಪರದ ಕೆಳಗೆ ಪೂರ್ತಿ ಬಾಗಿದಾಗ ಎರಡೂ ಜೇಬಿನ ಪಟ್ಟಿಗಳು ಸುರಿದು ಒದ್ದೆ ಮಣ್ಣಿನಲ್ಲಿ ಬೆರೆತುಹೋದವು.

"ಮನೆ ಐದು ನಿಮಿಷದ ದಾರಿ. ಹೋಗಿ ಇವಳನ್ನ ಕೇಳಿದ್ರೆ ಮುಗೀತಿತ್ತು. ಕೇಳ್ಲಿಲ್ಲ. ಒಂದು ಸ್ವಲ್ಪ ಮಬ್ಬು, ಒಂದು ಸ್ವಲ್ಪ ತಿಳಿ ಅಂತ ಕಾಣಿಸ್ತು. ಅಷ್ಟರ ಮೇಲೆ ಬೇರೆ ಮಾಡ್ದೆ. ಮಬ್ಬಾಗಿದ್ದಕ್ಕೆಲ್ಲ ಮಣ್ಣು ಹತ್ತಿತ್ತು ಅಂತ ಆಮೇಲೆ ಹೊಳೀತು."

ಅಂದು ಹತ್ತೊಂಬತ್ತು ಮನೆಗಳಲ್ಲಿ ಪಟ್ಟಿಗಳು ಅದಲು ಬದಲಾದವು. ಹೆಚ್ಚಿನ ಕಡೆ ಹಾನಿ ಸಣ್ಣದು. ಎಳೆ ಬದನೆ, ಬಲಿತ ಬೆಂಡೆ. ಆದರೆ ಹನ್ನೊಂದನೇ ಮನೆಯ ಡ್ರೈವರ್ ಜೀವನದಲ್ಲಿ ಮೊದಲ ಬಾರಿಗೆ ಸಿಹಿಕುಂಬಳ ಬೆಳೆಸಿದ್ದರು. ಬಳ್ಳಿಗೆ ಕಚ್ಚಿದ್ದು ಎರಡೇ ಕಾಯಿ. ದೊಡ್ಡದರ ಪಕ್ಕ ಹಸಿರು ಪಟ್ಟಿ ಕಂಡು ಖುಷಿಯಿಂದ ಕೊಯ್ದು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಡಿಪೋಗೆ ಹೋದರು. ಮಧ್ಯಾಹ್ನ ಎಲ್ಲರ ಎದುರು ಹೋಳು ಮಾಡಿದರೆ ಒಳಗೆ ಬಿಳಿಚಿಕೊಂಡ ತಿರುಳು, ಕಾಗದದಂಥ ಬೀಜ.

"'ಏನಣ್ಣ, ಸಿಗ್ನಲ್ ಹಾರಿಸಿದ್ಯಾ?' ಅಂತ ಇಡೀ ಡಿಪೋ ನಕ್ಕಿತು" ಎನ್ನುತ್ತಾರೆ ಡ್ರೈವರ್. "ಇಪ್ಪತ್ತು ವರ್ಷ ಸರ್ವೀಸಲ್ಲಿ ನನಗೆ ಯಾರೂ ಹಾಗಂದಿರಲಿಲ್ಲ."

ಆ ವಾರದ ಸಭೆಯಲ್ಲಿ ಡ್ರೈವರ್ ಒಂದು ಪಟ್ಟಿಯನ್ನು ಎತ್ತಿ ಹಿಡಿದರು. "ಇದು ಯಾವ ಬಣ್ಣ? ನೀವೇ ಹೇಳಿ ನಾಳೆಮಾಮ." ಐವತ್ತು ಜನ ಅವರ ಕಡೆ ತಿರುಗಿದರು. ನಾಳೆಮಾಮ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಹಿಂದಿನ ಬೆಂಚಿನಿಂದ ಅವರ ಹೆಂಡತಿಯ ದನಿ ಬಂತು. "ಅವರಿಗೆ ಅದು ಕಾಣಲ್ಲ. ಯಾವತ್ತೂ ಕಂಡಿಲ್ಲ."

"ಬಣ್ಣ ಕಾಣದವರ ಕೈಗೆ ನಲವತ್ನಾಲ್ಕು ತೋಟ ಕೊಟ್ಟಿದ್ದೀವಾ?" ಎಂದು ಡ್ರೈವರ್ ಕೂಗಾಡಿದರು. "ನನ್ನ ಕಣ್ಣನ್ನ ವರ್ಷಾ ವರ್ಷಾ ಪರೀಕ್ಷೆ ಮಾಡ್ತಾರೆ. ಹಣ್ಣಾಗಿದ್ಯೋ ಇಲ್ವೋ ನಾನೇ ನೋಡ್ಕೊಳ್ತೀನಿ. ಇವರೆಲ್ಲ ಯಾಕೆ?" ಹಲವರು ತಲೆಯಾಡಿಸಿದರು. ಟೀಚರ್ ಮಾತ್ರ ಪೆನ್ಸಿಲ್ ಕೆಳಗಿಟ್ಟು, "ತಪ್ಪು ಪಟ್ಟಿಯದ್ದು. ಕಾಯಿ ನೋಡಿದ್ದರಲ್ಲಿ ತಪ್ಪಾಗಿದ್ಯಾ, ಅದನ್ನ ನಾವು ಅಳೆದೇ ಇಲ್ಲ" ಎಂದರು. ಒಂದು ತಿಂಗಳ ಗಡುವು ಕೊಡಲಾಯಿತು. ಬಣ್ಣದ ಪಟ್ಟಿಗೆ ಬದಲು ನಾಳೆಮಾಮನ ಹೆಂಡತಿ ಹೊಲಿದುಕೊಟ್ಟ ಬಿಳಿ ಬಟ್ಟೆಯ ನಾಡಾ ಬಂತು. ಒಂದು ಗಂಟಿದ್ದರೆ ಕಾಯಿರಿ, ಎರಡಿದ್ದರೆ ಕೊಯ್ಯಿರಿ. ಕೊಯ್ದದ್ದು ಎಳೆಯದೋ, ಬಲಿತದ್ದೋ, ಸರಿಯಾದದ್ದೋ ಎಂದು ಪ್ರತಿ ಮನೆಯವರೂ ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ತಿಂಗಳ ಕೊನೆಗೆ ಲೆಕ್ಕ ನೋಡಿ ತೀರ್ಮಾನ.

ಆ ತಿಂಗಳು ಮುಗಿಯುವುದು ಇವತ್ತು.

ಆದರೂ ನಾಳೆಮಾಮನ ನಡಿಗೆಯಲ್ಲಿ ಆತುರವಿಲ್ಲ. ಹನ್ನೊಂದನೇ ಮನೆಯ ಗೇಟನ್ನು ಉಳಿದ ಗೇಟುಗಳಷ್ಟೇ ಮೆಲ್ಲಗೆ ತೆರೆಯುತ್ತಾರೆ. ಡ್ರೈವರ್‌ನ ಬಳ್ಳಿಯಲ್ಲಿ ಉಳಿದ ಎರಡನೇ ಕುಂಬಳದ ತೊಟ್ಟನ್ನು ಸವರುತ್ತಾರೆ. ಅದು ಒಣಗಿ ಬೆಂಡಿನಂತಾಗತೊಡಗಿದೆ. ಸಿಪ್ಪೆಗೆ ಉಗುರು ಊರಿದರೆ ಗೆರೆ ಬೀಳುತ್ತದೆ, ಉಗುರು ಒಳಗಿಳಿಯುವುದಿಲ್ಲ. ಬೆರಳಿನಿಂದ ತಟ್ಟಿ ಕಿವಿಯಿಟ್ಟು ಕೇಳುತ್ತಾರೆ. ಸದ್ದು ಇನ್ನೂ ಟೊಳ್ಳಾಗಿಲ್ಲ; ಒಂದು ಗಂಟಿನ ನಾಡಾವನ್ನು ಬಿಚ್ಚದೆ ಹಾಗೇ ಬಿಡುತ್ತಾರೆ. ಅಡುಗೆಮನೆಯ ಕಿಟಕಿಯಲ್ಲಿ ದೀಪ ಹತ್ತಿದೆ, ಒಳಗೆ ಯಾರೋ ನಿಂತಿದ್ದಾರೆ.

"ಅವರ ಮೇಲೆ ಕೋಪ ಇಲ್ಲ" ಎನ್ನುತ್ತಾರೆ ಓಣಿಗೆ ಬಂದ ಮೇಲೆ. "ಮೊದಲನೇ ಕುಂಬಳ ಅದು. ಯಾರಿಗಾದ್ರೂ ಉರಿಯುತ್ತೆ." ಸ್ವಲ್ಪ ದೂರ ನಡೆದು ಸೇರಿಸುತ್ತಾರೆ: "ನಾನು ಬಸ್ ತೊಳೆಯೋವಾಗ ಅವರ ಬಸ್ಸೇ ಎಲ್ಲಕ್ಕಿಂತ ಚೊಕ್ಕಟವಾಗಿ ಬರ್ತಿತ್ತು, ಗೊತ್ತಾ? ಕೆಲಸ ಗೊತ್ತಿರೋ ಮನುಷ್ಯ."

ಸಂಜೆ ಆರಕ್ಕೆ ನೀರಿನ ಟ್ಯಾಂಕಿನ ಕೆಳಗಿನ ಕಟ್ಟೆಯ ಸುತ್ತ ಜನ ಸೇರುತ್ತಾರೆ. ಕೆಲವರು ಸಮವಸ್ತ್ರದಲ್ಲೇ ಬಂದಿದ್ದಾರೆ. ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳನ್ನು ಮನೆಯಿಂದ ಹೊತ್ತು ತಂದಿದ್ದಾರೆ. ನಾಳೆಮಾಮ ಕೂರುವುದಿಲ್ಲ, ಟ್ಯಾಂಕಿನ ಕಂಬಕ್ಕೆ ಒರಗಿ ನಿಂತಿದ್ದಾರೆ. ಟೀಚರ್ ಕನ್ನಡಕ ಏರಿಸಿ ಓದುತ್ತಾರೆ.

"ಮೂವತ್ತು ದಿನ. ಎರಡು ಗಂಟಿನ ಗುರುತು ನೋಡಿ ಆದ ಕೊಯ್ಲು ಒಟ್ಟು ಸಾವಿರದ ನೂರಾ ನಲವತ್ತು. ಅದರಲ್ಲಿ ಬಲಿತದ್ದು ಮೂವತ್ತೊಂದು, ಎಳೆಯದ್ದು ಇಪ್ಪತ್ತಮೂರು. ಅಂದ್ರೆ ನೂರಕ್ಕೆ ಐದೂ ಇಲ್ಲ. ಹೋದ ವರ್ಷ ಇವರು ಜ್ವರ ಅಂತ ಮಲಗಿದ್ದ ವಾರ ನಾವೆಲ್ಲ ನಮ್ಮ ನಮ್ಮ ಕಣ್ಣು ನಂಬಿ ಕೊಯ್ದಿದ್ವಿ, ನೆನಪಿದೆಯಾ? ಆಗ ನಾನು ಕಾರ್ಯದರ್ಶಿ ಆಗಿರ್ಲಿಲ್ಲ, ಆದ್ರೂ ಮನೆಮನೆ ಕೇಳಿ ಬರೆದಿಟ್ಟಿದ್ದೆ. ನಾಲ್ಕರಲ್ಲಿ ಒಂದು ಹಾಳು."

ಗುಸುಗುಸು ಏಳುತ್ತದೆ. ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಡ್ರೈವರ್‌ನ ಹೆಂಡತಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಾರೆ. "ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ಹೇಳ್ತೀನಿ ಇರು ಮಾರಾಯ್ತಿ" ಎಂದು ಡ್ರೈವರ್ ಎದ್ದು ನಿಲ್ಲುತ್ತಾರೆ. ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿಯುತ್ತಾರೆ. "ಟೀಚರ್, ಆ ಎಳೆಯ ಇಪ್ಪತ್ತಮೂರರಲ್ಲಿ ಒಂದು ನಂದು."

"ಅಂದ್ರೆ?"

"ನಮ್ಮ ಹಿತ್ತಲಲ್ಲಿ ಒಂದು ಕರಬೂಜ ಇತ್ತು. ಇವರು ಒಂದೇ ಗಂಟು ಕಟ್ಟಿದ್ರು, ಅಂದ್ರೆ ಕಾಯಬೇಕು. ನಾನು ನೋಡ್ದೆ. ಚೆನ್ನಾಗಿ ಹಳದಿ ಆಗಿತ್ತು. ಇವರಿಗೆ ಕಾಣಲ್ಲ, ನನಗೆ ಕಾಣುತ್ತಲ್ಲ ಅಂತ... ಕೊಯ್ದೆ. ತೊಟ್ಟು ಬಿಡ್ಲಿಲ್ಲ, ಚಾಕು ಹಾಕಿ ಕೊಯ್ದೆ."

"ಆಮೇಲೆ?"

"ಸಪ್ಪೆ. ಸೌತೆಕಾಯಿನೇ ವಾಸಿ. ಮನೇಲಿ ನಾಲ್ಕು ಜನಾನೂ ತಿಂದ್ವಿ, ಒಬ್ಬರೂ ಮಾತಾಡ್ಲಿಲ್ಲ." ನಗೆಯ ಅಲೆಯೊಂದು ಎದ್ದು ಅಡಗುತ್ತದೆ. ಡ್ರೈವರ್ ನಗುವುದಿಲ್ಲ. "ಆಮೇಲೆ ಹಾಳೇಲಿ ಎಳೆಯದು ಅಂತ ಗುರುತು ಹಾಕಿದೆ, ಇವರ ಲೆಕ್ಕಕ್ಕೆ. ಅದು ತಪ್ಪು. ಮಾಮ, ತಪ್ಪಾಯ್ತು."

ಕರಬೂಜ ಮಾಗಿದ್ದರೆ ಅದಕ್ಕೆ ಚಾಕು ಬೇಕಿಲ್ಲ. ತೊಟ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಮೂಡಿ, ಹೆಬ್ಬೆರಳಿನಿಂದ ನೂಕಿದರೆ ತಾನೇ ಕಳಚಿ ಬರುತ್ತದೆ. ಹೊರಗಿನ ಹಳದಿ ಕೆಲವೊಮ್ಮೆ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಒಳಗೆ ಸಕ್ಕರೆ ತುಂಬಲು ಆ ಕೊನೆಯ ಕೆಲವು ದಿನಗಳೇ ಬೇಕು. ಡ್ರೈವರ್ ನಂಬಿದ್ದು ಬಣ್ಣವನ್ನು, ನಾಳೆಮಾಮ ನಂಬಿದ್ದು ತೊಟ್ಟನ್ನು.

ಟೀಚರ್ ರಬ್ಬರ್ ತೆಗೆದು ಹಾಳೆಯ ಮೇಲೆ ಉಜ್ಜಿ, ಊದಿ, ಮತ್ತೆ ಬರೆಯುತ್ತಾರೆ. "ಒಟ್ಟು ಸಾವಿರದ ನೂರಾ ಮೂವತ್ತೊಂಬತ್ತು. ಎಳೆಯದ್ದು ಇಪ್ಪತ್ತೆರಡು" ಎಂದು ತಿದ್ದಿ ಓದುತ್ತಾರೆ. "ಇನ್ನೂ ಯಾರಾದ್ರೂ ಇದ್ದೀರಾ? ಈಗ್ಲೇ ಹೇಳಿಬಿಡಿ, ಶೇಕಡಾ ಲೆಕ್ಕ ಮತ್ತೆ ಹಾಕ್ಬೇಕು."

ಹಿಂದಿನಿಂದ ಇನ್ನೆರಡು ಕೈಗಳು ಮೆಲ್ಲಗೆ ಮೇಲೇಳುತ್ತವೆ. ಈ ಸಲದ ನಗು ಅಡಗಲು ಬಹಳ ಹೊತ್ತು ಹಿಡಿಯುತ್ತದೆ. ಕೆಲಸ ಮುಂದುವರಿಯಲಿ ಎಂಬುದಕ್ಕೆ ಕೈ ಎತ್ತಿ ಎಂದು ಟೀಚರ್ ಕೇಳಿದಾಗ ಎಣಿಸುವ ಅಗತ್ಯವೇ ಬೀಳುವುದಿಲ್ಲ. ಏನಾದರೂ ಹೇಳಬೇಕೇ ಎಂದರೆ ನಾಳೆಮಾಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬರುತ್ತಾರೆ.

"ಪಟ್ಟಿ ತಂದ ದಿನವೇ ಹೇಳ್ಬೇಕಿತ್ತು. ಚಪ್ಪಾಳೆ ಹೊಡ್ದು ಸುಮ್ಮನಾದೆ. ಅದು ನನ್ನ ತಪ್ಪು. ಆ ಹತ್ತೊಂಬತ್ತು ಮನೆಯವರು..." ಹೆಂಡತಿಯ ಕಡೆ ನೋಡುತ್ತಾರೆ.

"ಕ್ಷಮಿಸಬೇಕು ಅಂತಿದ್ದಾರೆ" ಎಂದು ಹೆಂಡತಿ ಮುಗಿಸಿಕೊಡುತ್ತಾರೆ. "ಉಳಿದದ್ದು ನಾಳೆ ಹೇಳ್ತಾರೆ."

ಮರುದಿನ ಐದೂ ಮುಕ್ಕಾಲಿಗೆ ಅವರು ಹದಿನೇಳನೇ ಮನೆಯ ಹಿತ್ತಲಿನಲ್ಲಿದ್ದಾರೆ. ಕಂಡಕ್ಟರ್ ಕೆಲಸದ ಹೆಂಗಸಿನ ಮನೆ. ಅಲ್ಲಿ ಎರಡು ಸಾಲು ಮೆಣಸಿನ ಗಿಡ. ಆ ಮನೆಯವರು ಮೆಣಸಿನಕಾಯಿಯನ್ನು ಹಣ್ಣು ಮಾಡಿ ಒಣಗಿಸಿಡುತ್ತಾರೆ, ಕೆಂಪಾದದ್ದನ್ನೇ ಕೊಯ್ಯಬೇಕು. ಒಂಬತ್ತು ವರ್ಷದಲ್ಲಿ ನಾಳೆಮಾಮ ಮೆಣಸಿನಕಾಯಿಗೆ ಕೈ ಹಾಕಿದ್ದಿಲ್ಲ. ಅದರ ತೊಟ್ಟು ಹಸಿರಿದ್ದಾಗಲೂ ಹಣ್ಣಾದಾಗಲೂ ಅಷ್ಟೇ ಬಿಗಿ, ಮೈಯೂ ಅಷ್ಟೇ ನಯ. ಬೆರಳಿಗೆ ಗುಟ್ಟು ಬಿಟ್ಟುಕೊಡದ ಕಾಯಿ ಅದು. ಕೇಳಿದವರಿಗೆ "ಖಾರದ ವಿಷಯ ನಿಮ್ಮ ನಿಮ್ಮ ಇಷ್ಟ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಜನ ಅದನ್ನು ಸಭ್ಯತೆ ಎಂದುಕೊಂಡಿದ್ದರು.

ಇವತ್ತು ಅವರು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗುತ್ತಾರೆ.

"ತಂಗೀ, ಒಂದು ನಿಮಿಷ ಬರ್ತೀಯಾ? ಟಾರ್ಚ್ ತಗೊಂಡು ಬಾ."

ಬಾಯಲ್ಲಿ ಬ್ರಷ್ಷು, ಅರ್ಧ ಹೆಣೆದ ಜಡೆ, ಇಸ್ತ್ರಿ ಮಾಡಿದ ಸಮವಸ್ತ್ರದ ಅಂಗಿ. ಕಂಡಕ್ಟರ್ ಗಾಬರಿಯಿಂದ ಓಡಿ ಬರುತ್ತಾರೆ. "ಏನಾಯ್ತು ಮಾಮ? ಹಾವಾ?"

"ಹಾವಲ್ಲಮ್ಮ. ಇದು ಕೆಂಪಾ?"

ಅವರು ಬ್ರಷ್ಷನ್ನು ಬಾಯಿಂದ ತೆಗೆದು ಟಾರ್ಚ್ ಹಾಕಿ ನೋಡುತ್ತಾರೆ. "ಇದು ಕೆಂಪು. ಇದೂ ಕೆಂಪು. ಅದು ಬೇಡ, ಅರ್ಧ ಆಗಿದೆ. ಪಕ್ಕದ್ದು ತಗೊಳ್ಳಿ... ಹಾಂ, ಅದೇ."

ಒಬ್ಬರು ಬೆಳಕು ಹಿಡಿದು ಹೇಳುತ್ತಾರೆ, ಇನ್ನೊಬ್ಬರು ಕತ್ತರಿಸುತ್ತಾರೆ. ಎರಡು ಸಾಲು ಮುಗಿಯಲು ಏಳು ನಿಮಿಷ ಹಿಡಿಯುತ್ತದೆ, ಒಂದು ಹಿತ್ತಲಿಗೆ ಅವರು ಕೊಡುವ ಸಮಯಕ್ಕಿಂತ ಮೂರು ನಿಮಿಷ ಹೆಚ್ಚು. ಕಂಡಕ್ಟರ್ ಒಳಗೆ ಓಡುತ್ತಾರೆ, ಅವರ ಬಸ್ಸಿಗೆ ಹೊತ್ತಾಗಿದೆ. ನಾಳೆಮಾಮ ಬುಟ್ಟಿಯನ್ನು ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು, ಅದರಲ್ಲಿರುವ ಮೆಣಸಿನಕಾಯಿಗಳನ್ನು ಒಮ್ಮೆ ಎಣಿಸುತ್ತಾರೆ.

"ನಲವತ್ತೆರಡು" ಎನ್ನುತ್ತಾರೆ. "ಒಂದೂ ತಪ್ಪಿಲ್ಲ."